ಲಾ ಫರ್ಮ್ ಬಿಟ್ಟು ಗೇಮಿಂಗ್ ಕಂಪನಿಗೆ ಹೋಗುವುದು ಹೇಗೆ? ಮೊದಲು ಗೇಮ್‌ನ ಶಾಪ್ ಓದಲು ಕಲಿಯಿರಿ

ಲಾ ಫರ್ಮ್‌ನಲ್ಲಿ ನಾಲ್ಕೈದು ವರ್ಷ ದುಡಿದವರು ಗೇಮಿಂಗ್ ಕಂಪನಿಯ ಲೀಗಲ್ ಟೀಮ್ ಸೇರಬೇಕು ಅಂದುಕೊಂಡ ತಕ್ಷಣ ರೆಸ್ಯೂಮೆ ತಿದ್ದಲು ಕೂರುತ್ತಾರೆ. ಅದನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಜನ ಜಾಸ್ತಿ ಆಡುವ ಒಂದು ಫ್ರೀ ಗೇಮ್ ಡೌನ್‌ಲೋಡ್ ಮಾಡಿ, ಅದರ ಶಾಪ್ ತೆರೆದು, ನೋಟ್‌ಬುಕ್ ಹಿಡಿದು ಕೂತುಕೊಳ್ಳಿ.

ಒಂದು ಸ್ಕಿನ್‌ಗೆ (ಆಟದ ಪಾತ್ರಕ್ಕೆ ಹಾಕುವ ಹೊಸ ವೇಷ) 800 ಕಾಯಿನ್ ಅಂತ ಬರೆದಿದೆ ಅಂದುಕೊಳ್ಳಿ. ಕಾಯಿನ್ ಸಿಗುವುದು ಮಾತ್ರ 500ರ ಅಥವಾ 1000ದ ಪ್ಯಾಕ್‌ನಲ್ಲಿ. ನಿಜವಾದ ದುಡ್ಡಿನಲ್ಲಿ ಅದರ ಬೆಲೆ ಎಷ್ಟು ಅಂತ ಪರದೆಯಲ್ಲಿ ಎಲ್ಲಾದರೂ ಇದೆಯಾ? ಉಳಿದ 200 ಕಾಯಿನ್ ಏನಾಗುತ್ತದೆ? ಪಕ್ಕದಲ್ಲಿ ಟೈಮರ್ ಓಡುತ್ತಿದೆ, ಅದು ಮುಗಿದ ಮೇಲೆ ಅದೇ ಸ್ಕಿನ್ ನಾಳೆ ಮತ್ತೆ ಬರುತ್ತದಾ? ಬಟನ್ ಒತ್ತಿದ ಮೇಲೆ ಇನ್ನೊಂದು ಸಲ ಕೇಳುತ್ತದಾ, ಸೀದಾ ದುಡ್ಡು ಕತ್ತರಿಸಿಬಿಡುತ್ತದಾ? ಆಡುತ್ತಿರುವುದು ಹನ್ನೆರಡು ವರ್ಷದ ಮಗುವಾಗಿದ್ದರೆ?

ಗೇಮಿಂಗ್ ವಕೀಲರ ದಿನನಿತ್ಯದ ಕೆಲಸದಲ್ಲಿ ದೊಡ್ಡ ಪಾಲು ಇದೇ. 2025ರ ಮಾರ್ಚ್‌ನಲ್ಲಿ ಯುರೋಪಿನ ಗ್ರಾಹಕ ರಕ್ಷಣಾ ಅಧಿಕಾರಿಗಳು ಗೇಮ್ ಕರೆನ್ಸಿ ಬಗ್ಗೆ ಕೊಟ್ಟ ಮಾರ್ಗಸೂಚಿ ಇವೇ ವಿಷಯಗಳನ್ನು ಎತ್ತಿದೆ: ಬೆಲೆ ನಿಜವಾದ ಹಣದಲ್ಲೂ ಕಾಣಬೇಕು, ಬೇಡದಷ್ಟು ಕಾಯಿನ್ ಕೊಳ್ಳುವಂತೆ ಮಾಡಬಾರದು.

ಬಟನ್ ವಿಷಯ ಸಣ್ಣದು ಅನ್ನಿಸಿದರೆ ಫೋರ್ಟ್‌ನೈಟ್ ಪ್ರಕರಣ ಓದಿ. 2022ರ ಡಿಸೆಂಬರ್‌ನಲ್ಲಿ ಆ ಗೇಮ್‌ನ ಕಂಪನಿ ಎಪಿಕ್ ಗೇಮ್ಸ್, ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಜೊತೆ ಒಟ್ಟು 52 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನು ಮುರಿದ ಆರೋಪಕ್ಕೆ. ಉಳಿದ 24.5 ಕೋಟಿ ಆಟಗಾರರಿಗೆ ವಾಪಸ್ ಕೊಡಲು. ಸ್ಲೀಪ್ ಮೋಡ್‌ನಿಂದ ಗೇಮ್ ಎಬ್ಬಿಸುವಾಗ, ಲೋಡಿಂಗ್ ಪರದೆ ಇರುವಾಗ, ಬರೀ ಪ್ರಿವ್ಯೂ ನೋಡಲು ಹೋಗಿ ಪಕ್ಕದ ಬಟನ್ ತಗುಲಿದಾಗಲೂ ದುಡ್ಡು ಹೋಗುತ್ತಿತ್ತು ಅನ್ನುವುದು ಎಫ್‌ಟಿಸಿ ದೂರು. ಡಿಸೈನ್ ಹಂತದಲ್ಲೇ ಯಾರಾದರೂ ವಕೀಲರು ಆ ಪರದೆಯನ್ನು ಬಳಸಿ ನೋಡಿ ತಕರಾರು ಎತ್ತಬಹುದಿತ್ತಲ್ವಾ? ಆ ಜಾಗಕ್ಕೇ ನಿಮ್ಮನ್ನು ತೆಗೆದುಕೊಳ್ಳುವುದು. ಹಾಗಾಗಿ ಶಾಪ್ ಓದುವ ಅಭ್ಯಾಸ ನಿಮ್ಮ ಡಿಗ್ರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಲೂಟ್ ಬಾಕ್ಸ್. ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯುತ್ತೀರಿ, ಒಳಗೆ ಏನಿದೆ ಅನ್ನುವುದು ಅದೃಷ್ಟ. ಇದು ಜೂಜಾ? ಬೆಲ್ಜಿಯಂನ ಗೇಮಿಂಗ್ ಕಮಿಷನ್ 2018ರಲ್ಲಿ ಹೌದು ಅಂದಿತು. ಪಕ್ಕದ ನೆದರ್‌ಲ್ಯಾಂಡ್ಸ್‌ನಲ್ಲಿ ಫಿಫಾ ಗೇಮ್ ಬಗ್ಗೆ ಇಎ ಕಂಪನಿಗೆ ಹಾಕಿದ್ದ ದಂಡವನ್ನು ಉನ್ನತ ಆಡಳಿತ ನ್ಯಾಯಾಲಯ 2022ರಲ್ಲಿ ರದ್ದು ಮಾಡಿತು. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್‌ನಿಂದ ವಯಸ್ಸಿನ ರೇಟಿಂಗ್ ಬಿಗಿ ಮಾಡಿದೆ. ಅಮೆರಿಕದಲ್ಲಿ ಎಫ್‌ಟಿಸಿ ಹೂಡಿದ ಗೆನ್ಶಿನ್ ಇಂಪ್ಯಾಕ್ಟ್ ಗೇಮ್‌ನ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಅದರ ಕಂಪನಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು, 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಲೂಟ್ ಬಾಕ್ಸ್ ಮಾರುವಂತಿಲ್ಲ ಅನ್ನುವ ಷರತ್ತೂ ಬಂತು. ಭಾರತ 2025ರ ಆಗಸ್ಟ್‌ನಲ್ಲಿ ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಗೇಮ್‌ಗಳನ್ನೇ ನಿಷೇಧಿಸುವ ಕಾನೂನು ತಂದಿತು. ಒಂದೇ ಗೇಮ್, ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಇದನ್ನೆಲ್ಲ ಒಂದು ಪುಟದ ಟೇಬಲ್ ಮಾಡಿಕೊಳ್ಳಿ, ಪ್ರತಿ ತಿಂಗಳು ತಿದ್ದಿ. ಇಂಟರ್‌ವ್ಯೂಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಸರ್ವರ್ ಮುಚ್ಚುವ ವಿಷಯವನ್ನೂ ಗಮನಿಸುತ್ತಿರಿ. ಯೂಬಿಸಾಫ್ಟ್ 2024ರ ಮಾರ್ಚ್‌ನಲ್ಲಿ ದಿ ಕ್ರ್ಯೂ ಅನ್ನುವ ತನ್ನ ಕಾರ್ ರೇಸ್ ಗೇಮ್‌ನ ಸರ್ವರ್ ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡವರಿಗೂ ಆಟ ಹೋಯಿತು. ಕೊಂಡ ಗೇಮ್‌ಗಳನ್ನು ಹೀಗೆ ಆಡಲಾಗದಂತೆ ಮಾಡಬಾರದು ಅನ್ನುವ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿ ಶುರುವಾಗಿದ್ದೇ ಅದರಿಂದ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಸಿಗುವುದು ಬರೀ ಲೈಸೆನ್ಸ್ ಆಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಗೇಮ್‌ಗೆ ಖರೀದಿ ಅನ್ನುವ ಮಾತು ಬಳಸುವಂತಿಲ್ಲ. ಎಐ ಕಡೆ ನೋಡಿದರೆ, ಅಮೆರಿಕದಲ್ಲಿ ಗೇಮ್‌ಗಳಿಗೆ ದನಿ ಕೊಡುವ ಕಲಾವಿದರು 2024ರ ಜುಲೈನಲ್ಲಿ ಮುಷ್ಕರ ಹೂಡಿ, ಮುಂದಿನ ವರ್ಷ ತಮ್ಮ ದನಿಯ ಡಿಜಿಟಲ್ ನಕಲಿಗೆ ಒಪ್ಪಿಗೆ ಬೇಕು ಅನ್ನುವ ಷರತ್ತನ್ನು ಒಪ್ಪಂದಕ್ಕೆ ಸೇರಿಸಿಕೊಂಡರು. ಇದು ನ್ಯಾಯವಾದ ಬೇಡಿಕೆ. ಇನ್ನು ಮುಂದೆ ಕಲಾವಿದರ ಪ್ರತಿ ಕಾಂಟ್ರಾಕ್ಟ್‌ನಲ್ಲೂ ಈ ಸಾಲು ಬೇಕೇ ಬೇಕು.

ಈಗ ಜನರನ್ನು ಹುಡುಕುವ ಕೆಲಸ. ನಿಮ್ಮ ಫರ್ಮ್ ಬಿಟ್ಟುಹೋದ ಸೀನಿಯರ್‌ಗಳಲ್ಲಿ ಯಾರು ಸ್ಟುಡಿಯೋ, ಪಬ್ಲಿಷರ್, ಪೇಮೆಂಟ್ ಕಂಪನಿಗಳಲ್ಲಿ ಇದ್ದಾರೆ ನೋಡಿ. ಅಲುಮ್ನಿ ಪಟ್ಟಿ ಇದ್ದರೆ ಕೇಳಿ ತೆಗೆದುಕೊಳ್ಳಿ. ಬರೆಯುವಾಗ ಕೆಲಸ ಕೇಳಬೇಡಿ. ನಾಲ್ಕು ಸಾಲು ಸಾಕು: ಯಾವ ಟೀಮ್‌ನಲ್ಲಿದ್ದೆ, ಏನು ಓದುತ್ತಿದ್ದೇನೆ, ಒಂದು ಖಚಿತ ಪ್ರಶ್ನೆ. "ನಿಮ್ಮ ಬಳಿಗೆ ಪ್ರಶ್ನೆಗಳು ಪ್ರಾಡಕ್ಟ್ ಟೀಮ್‌ನಿಂದ ಜಾಸ್ತಿ ಬರುತ್ತವಾ, ಮಾರ್ಕೆಟಿಂಗ್‌ನಿಂದ ಜಾಸ್ತಿ ಬರುತ್ತವಾ?" ಅಂತ ಕೇಳಿದರೆ ಉತ್ತರ ಬರುತ್ತದೆ. "ಏನಾದರೂ ಅವಕಾಶ ಇದ್ದರೆ ತಿಳಿಸಿ" ಅಂದರೆ ಆ ಮೆಸೇಜ್ ಹಾಗೇ ಉಳಿದುಬಿಡುತ್ತದೆ.

ಫರ್ಮ್‌ಗೆ ಗೇಮಿಂಗ್ ಕ್ಲೈಂಟ್ ಇದ್ದರೆ ಸೆಕೆಂಡ್‌ಮೆಂಟ್ ಕೇಳಿ, ಅಂದರೆ ಸ್ವಲ್ಪ ಕಾಲ ಆ ಕ್ಲೈಂಟ್ ಕಂಪನಿಯೊಳಗೇ ಕೂತು ಕೆಲಸ ಮಾಡುವುದು. ಮೂರು ತಿಂಗಳು ಒಳಗೆ ಕೂತು ನೋಡಿದವರಿಗೆ ಹೊರಗಿನಿಂದ ಮೂರು ವರ್ಷ ಸಲಹೆ ಕೊಟ್ಟವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪ್ರೈವಸಿ, ಐಪಿ, ಟೆಕ್ ಕಾಂಟ್ರಾಕ್ಟ್ ಮಾಡಿದವರಿಗೆ ದಾರಿ ಸುಲಭ. ಲಿಟಿಗೇಷನ್ ಮಾಡಿದವರು ಹಿಂಜರಿಯಬೇಕಾಗಿಲ್ಲ, ತನಿಖೆ ಅಥವಾ ನೋಟಿಸ್ ಬಂದ ದಿನ ಎಲ್ಲರೂ ಹುಡುಕುವುದು ಅವರನ್ನೇ.

ಇಂಟರ್‌ವ್ಯೂನಲ್ಲಿ ಹೀಗೆ ಕೇಳಬಹುದು: "ಗುರುವಾರ ಲಾಂಚ್. ಇವತ್ತು ಮಂಗಳವಾರ. ದುಡ್ಡು ಕೊಟ್ಟು ಚಕ್ರ ತಿರುಗಿಸುವ ಹೊಸ ಲಕ್ಕಿ ಸ್ಪಿನ್ ಬಿಡಬಹುದಾ?" ಫರ್ಮ್‌ನಲ್ಲಿ ಇದಕ್ಕೆ ಎಂಟು ಪುಟದ ಮೆಮೊ ಬರೆಯುತ್ತಿದ್ದಿರಿ. ಇಲ್ಲಿ ನಾಲ್ಕು ವಾಕ್ಯ ಸಾಕು: ಬೆಲ್ಜಿಯಂನಲ್ಲಿ ಆಫ್ ಮಾಡಿ. ಗೆಲ್ಲುವ ಸಾಧ್ಯತೆ ಎಷ್ಟು ಅಂತ ಪರದೆಯಲ್ಲೇ ತೋರಿಸಿ. ಮಕ್ಕಳ ಅಕೌಂಟ್‌ಗಳಿಗೆ ಬೇಡ. ಇಷ್ಟೆಲ್ಲ ಮಾಡಿದರೂ ಉಳಿಯುವ ರಿಸ್ಕ್ ಇದು, ಅದನ್ನು ಒಪ್ಪಿಕೊಳ್ಳಬೇಕಾದವರು ಇವರು. ಬರೀ ಬೇಡ ಅನ್ನುವ ವಕೀಲರನ್ನು ಪ್ರಾಡಕ್ಟ್ ಟೀಮ್ ಬೇಗ ಕೇಳುವುದನ್ನೇ ಬಿಟ್ಟುಬಿಡುತ್ತದೆ.

ಬಿಡುವಾಗ ಒಳ್ಳೆಯ ಮಾತಿನಲ್ಲೇ ಬಿಡಿ, ನಾಳೆ ಅದೇ ಫರ್ಮ್‌ಗೆ ಕೆಲಸ ಕೊಡುವವರು ನೀವೇ ಆಗಬಹುದು. ಕ್ಲೈಂಟ್ ಫೈಲ್, ಟೆಂಪ್ಲೇಟ್ ಒಂದನ್ನೂ ಜೊತೆಗೆ ಒಯ್ಯಬೇಡಿ. ಹೊಸ ಕಂಪನಿಯ ಪ್ರತಿಸ್ಪರ್ಧಿ ನಿಮ್ಮ ಹಳೆಯ ಕ್ಲೈಂಟ್ ಆಗಿದ್ದರೆ ಆಫರ್‌ಗೆ ಸಹಿ ಹಾಕುವ ಮೊದಲೇ ಹೇಳಿಬಿಡಿ.

ಸಂಬಳದ ಜೊತೆ ಷೇರು ಕೊಡುತ್ತಾರೆ ಅಂದರೆ ಅದು ಯಾವಾಗ ಕೈಗೆ ಬರುತ್ತದೆ, ಮಧ್ಯೆ ಕೆಲಸ ಹೋದರೆ ಏನಾಗುತ್ತದೆ ಅಂತ ಕೇಳಿ. ಈ ಉದ್ಯಮದಲ್ಲಿ 2023 ಮತ್ತು 2024ರಲ್ಲಿ ಸಾವಿರಾರು ಜನರ ಕೆಲಸ ಹೋಗಿದೆ. ಸಣ್ಣ ಸ್ಟುಡಿಯೋ ಆದರೆ ಇಡೀ ಲೀಗಲ್ ಟೀಮ್ ನೀವೊಬ್ಬರೇ ಇರಬಹುದು, ಕೇಳಿ ಕಲಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕೊನೆಗೆ ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ಹೊಸ ಫೀಚರ್ ಅನ್ನು ಲೀಗಲ್‌ಗೆ ತೋರಿಸುವುದು ಕೋಡ್ ಬರೆಯುವ ಮೊದಲಾ, ಲಾಂಚ್‌ನ ಹಿಂದಿನ ದಿನವಾ? ಹಿಂದಿನ ದಿನ ಅಂದರೆ, ಸಂಬಳ ಎಷ್ಟೇ ಇರಲಿ, ನಾನಾದರೆ ಇನ್ನೊಂದು ಕಂಪನಿ ನೋಡುತ್ತೇನೆ.