"ಅಕ್ಕಾ, ಫೋಟೋ ಹೆಂಗೈತೆ?" ಅಂದವರಿಗೆ ಏನು ಹೇಳಬೇಕು

ಫೋಟೋ ತೋರಿಸಿ "ಹೆಂಗೈತೆ?" ಅಂತ ಕೇಳಿದವರಿಗೆ "ಸೂಪರ್" ಅನ್ನುವುದು ಸುಲಭ. "ಇನ್ನೂ ಚೆನ್ನಾಗಿ ತೆಗೀಬಹುದಿತ್ತು" ಅನ್ನುವುದೂ ಅಷ್ಟೇ ಸುಲಭ, ಅಷ್ಟೇ ದಂಡ. ಎರಡರಲ್ಲಿ ಯಾವುದನ್ನು ಕೇಳಿಸಿಕೊಂಡು ಹೋದರೂ, ಮುಂದಿನ ಭಾನುವಾರ ಅವರು ತೆಗೆಯುವ ಫೋಟೋದಲ್ಲಿ ಏನೂ ಬದಲಾಗಿರುವುದಿಲ್ಲ.

ನಾನು ಶಿಡ್ಲಘಟ್ಟದಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡುವವಳು. ಕ್ಯಾಮರಾ ಹಿಡಿಯುವುದಕ್ಕಿಂತ ಬೇರೆಯವರು ತೆಗೆದದ್ದನ್ನು ನೋಡುವುದೇ ನನಗೆ ಜಾಸ್ತಿ. ಸಾವಿರಗಟ್ಟಲೆ ಫೋಟೋದಲ್ಲಿ ಯಾವುದು ಆಲ್ಬಮ್‌ಗೆ, ಯಾವುದು ಬೇಡ ಅಂತ ಆರಿಸಬೇಕು. ಅದಕ್ಕೇ ಇರಬೇಕು, ಬೀದಿಯ ಹುಡುಗ ಹುಡುಗಿಯರು ನಂದಿ ಬೆಟ್ಟಕ್ಕೆ ಹೋಗಿ ಬಂದರೆ ಮೊದಲು ನನಗೆ ಕಳಿಸುತ್ತಾರೆ. ಅವರ ಜೊತೆ ಮಾತಾಡುತ್ತಾ ರೂಢಿಯಾದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಫೋಟೋ ಸರಿಯಾಗಿ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಅದು ಫೋಟೋವನ್ನು ಕುಗ್ಗಿಸುತ್ತದೆ. ತೆಗೆದಾಗಿನ ಸೆಟ್ಟಿಂಗ್ ವಿವರವೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಗ ಶಟರ್ ಸ್ಪೀಡ್ (ಕ್ಯಾಮರಾ ಎಷ್ಟು ಹೊತ್ತು ಬೆಳಕು ಒಳಗೆ ಬಿಟ್ಟಿತು), ಐಎಸ್ಒ (ಬೆಳಕಿಗೆ ಅದು ಎಷ್ಟು ಸೂಕ್ಷ್ಮವಾಗಿತ್ತು) ಎಲ್ಲ ನೋಡಬಹುದು. ನಿಮ್ಮ ಫೋನಿನಲ್ಲಿ ಕಣ್ಣಿಗೆ ಹಿತ ಅಂತ ಹಳದಿ ಬೆಳಕಿನ ಮೋಡ್ ಹಾಕಿಕೊಂಡಿದ್ದರೆ ತೆಗೆದುಬಿಡಿ. ಇಲ್ಲದಿದ್ದರೆ ನಿಮ್ಮ ಸ್ಕ್ರೀನಿನ ಹಳದಿಗೆ ಅವರು ಬೈಸಿಕೊಳ್ಳುತ್ತಾರೆ.

ನೋಡಿದ ಮೇಲೆ, ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು ಅನ್ನುವುದನ್ನು ಹೇಳಿ. "ಏನು ತೋರಿಸೋಣ ಅಂತಿದ್ದೆ?" ಅನ್ನುವ ಪ್ರಶ್ನೆ ಆಮೇಲೆ. ಈ ಕ್ರಮ ಮುಖ್ಯ. ಅವರು ಮೊದಲೇ ಕತೆ ಹೇಳಿಬಿಟ್ಟರೆ ನಿಮಗೂ ಫೋಟೋದಲ್ಲಿ ಅದೇ ಕಾಣತೊಡಗುತ್ತದೆ. ತೆಗೆದವರಿಗೆ ಕತ್ತಲಲ್ಲಿ ಎದ್ದು ಬೈಕ್ ಹತ್ತಿದ್ದು, ಬೆರಳು ಸೆಟೆದುಕೊಂಡಿದ್ದು, ಮೋಡ ಸರಿದಾಗ ಎಲ್ಲರೂ ಕೂಗಿದ್ದು ಎಲ್ಲ ನೆನಪಿರುತ್ತದೆ. ನಿಮಗೆ ಅದು ಯಾವುದೂ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ನಿಮ್ಮ ಮಾತು ಅವರಿಗೆ ಬೇಕು.

"ನನ್ನ ಕಣ್ಣು ಮೊದ್ಲು ಬಲಗಡೆ ಕಂಬಿ ಮೇಲೆ ಹೋಯ್ತು ಕಣಪ್ಪ. ಆಮೇಲೆ ಕೆಂಪು ಜಾಕೆಟ್ಟು. ಮೋಡ ಮೂರನೇದು."

"ಅಯ್ಯೋ ಅಕ್ಕಾ, ನಾನು ತೆಗೆದಿದ್ದೇ ಮೋಡ!"

ಇಷ್ಟಾದರೆ ಅರ್ಧ ಕೆಲಸ ಮುಗಿಯಿತು. ಕಂಬಿ ಬಿಟ್ಟು ನಿಲ್ಲಬೇಕಿತ್ತು ಅಂತ ಅವನೇ ಹೇಳುತ್ತಾನೆ. ನೀವು ಹೇಳಿದ್ದಕ್ಕಿಂತ ಅವನೇ ಕಂಡುಕೊಂಡದ್ದು ಹೆಚ್ಚು ದಿನ ನೆನಪಿರುತ್ತದೆ.

ಕಾರಣ ತಿಳಿಸಿ ಹೇಳಬೇಕಾದ ಜಾಗಗಳೂ ಇವೆ. ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಇಲ್ಲಿ ಕ್ಯಾಮರಾ ಕೊಂಡವರು ಬೇಗ ಹೋಗಿ ನಿಲ್ಲುವ ಜಾಗ ರೇಷ್ಮೆ ಗೂಡಿನ ಮಾರುಕಟ್ಟೆ. ಫ್ರೇಮ್ ತುಂಬ ಬೈವೋಲ್ಟಿನ್ ಅನ್ನುವ ಬಿಳಿ ತಳಿಯ ಗೂಡಿನ ರಾಶಿ. ಎದುರಿಗೆ ನೋಡಿದರೆ ಬೆಳ್ಳಗೆ ಹೊಳೆಯುತ್ತದೆ, ಫೋಟೋದಲ್ಲಿ ಬೂದಿ ಬಳಿದ ಹಾಗೆ. ಇಲ್ಲಿ "ಡಲ್ಲಾಗಿದೆ" ಅಂದರೆ ಹುಡುಗ ಮನೆಗೆ ಹೋಗಿ ಯಾವುದೋ ಫಿಲ್ಟರ್ ಹಾಕಿ ಎಲ್ಲವನ್ನೂ ನೀಲಿ ಮಾಡಿಕೊಂಡು ಬರುತ್ತಾನೆ. ಹೀಗೆ ಹೇಳಿ: ಕ್ಯಾಮರಾಗೆ ಅದು ಗೂಡು ಅಂತ ಗೊತ್ತಿಲ್ಲ. ಮುಂದಿರುವುದೆಲ್ಲ ಸುಮಾರಾಗಿ ನಡುಬೂದು ಅಂದುಕೊಂಡು ಬೆಳಕು ಅಳೆಯುತ್ತದೆ. ಫ್ರೇಮ್ ತುಂಬ ಬಿಳಿ ಇದ್ದರೆ ಅದನ್ನು ಬೂದಿಗೆ ಇಳಿಸುತ್ತದೆ. ಹಾಗಾಗಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಹತ್ತಿರ, ಅಂದರೆ ಬೆಳಕು ಸುಮಾರು ಎರಡರಷ್ಟಾಗುವ ಹಾಗೆ, ಏರಿಸು. ಫೋನ್ ಆದರೆ ಗೂಡಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆ.

ನಂದಿಯ ಮಂಜಿಗೂ ಇದೇ ಮಾತು. ತಾತನ ಬಿಳಿ ಪಂಚೆ, ಬಿಳಿ ಶರಟು ಫ್ರೇಮ್ ತುಂಬಿದ್ದರೂ ಇದೇ. ಕಪ್ಪು ಎಮ್ಮೆ ಫ್ರೇಮ್ ತುಂಬಿದ್ದರೆ ಉಲ್ಟಾ, ಇಳಿಸಬೇಕು. ಒಂದು ಕಾರಣ ತಿಳಿದರೆ ನಾಲ್ಕು ಫೋಟೋ ಸರಿಹೋಗುತ್ತವೆ.

ಇಲ್ಲೇ ಒಂದು ಎಚ್ಚರ. ಗೂಡು ಹಳದಿಯಾಗಿ ಕಂಡರೆ "ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಲು ಮಾಡುವ ಬಣ್ಣದ ಹೊಂದಾಣಿಕೆ) ತಪ್ಪಿದೆ" ಅಂತ ಹಾರಿಬೀಳಬೇಡಿ. ಸಿ.ಬಿ. (ಮಿಶ್ರತಳಿ) ಗೂಡು ಇರುವುದೇ ಹಳದಿ. ಅದನ್ನು ತಿದ್ದಿ ಬೆಳ್ಳಗೆ ಮಾಡಿದರೆ ರೈತರು ನಕ್ಕುಬಿಡುತ್ತಾರೆ. ಬಣ್ಣದ ಬಗ್ಗೆ ಅನುಮಾನ ಇದ್ದರೆ ಫೋಟೋದಲ್ಲಿರುವ ಕೈ, ಮುಖ, ಬಿಳಿ ಶರಟು ನೋಡಿ. ಅವು ಸಹಜವಾಗಿದ್ದರೆ ಗೂಡಿನ ಬಣ್ಣವೂ ಸರಿ. ವಸ್ತು ನಿಮಗೆ ಗೊತ್ತಿಲ್ಲದಿದ್ದರೆ ಮೊದಲು ಕೇಳಿ, ಆಮೇಲೆ ತಪ್ಪು ಹುಡುಕಿ.

ಒಂದು ಫೋಟೋಗೆ ಒಂದೇ ಮಾತು, ಹೆಚ್ಚೆಂದರೆ ಎರಡು. ಅದೂ ಕಾಲಿಗೆ, ಕೈಗೆ ಹೇಳುವಂತಿರಲಿ. "ಕಂಪೋಸಿಷನ್ ವೀಕು" ಅಂದರೆ ಯಾರೂ ಏನೂ ಮಾಡಲಾರರು. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಹತ್ತಿರ ಹುಡುಗಿ ಗೆಳತಿಯನ್ನು ನಿಲ್ಲಿಸಿ ತೆಗೆದಿದ್ದಾಳೆ. ಕಲ್ಲುಕಂಬ ಗೆಳತಿಯ ತಲೆಯಿಂದಲೇ ಮೊಳೆತಂತಿದೆ. "ನೀನು ಎರಡು ಹೆಜ್ಜೆ ಎಡಕ್ಕೆ ಹೋಗಿದ್ದರೆ ಕಂಬ ಪಕ್ಕಕ್ಕೆ ಸರೀತಿತ್ತು" ಅನ್ನಿ. ಫೋನಿನ 0.5ರಲ್ಲಿ (ಅಗಲಕ್ಕೆ ತೆಗೆಯುವ ಲೆನ್ಸ್) ಗ್ರೂಪ್ ಫೋಟೋ ತೆಗೆದು ಅಂಚಿನಲ್ಲಿದ್ದವರ ಮುಖ ಎಳೆದಂತಾಗಿದ್ದರೆ "1ಕ್ಕೆ ಹಾಕಿ ನೀನೇ ಹಿಂದೆ ಹೋಗು" ಅನ್ನಿ. ಓರೆಯಾಗಿದ್ದರೆ ಓರೆ ಅನ್ನಿ. ಅದು ಎಡಿಟಿಂಗ್‌ನಲ್ಲಿ ಕ್ಷಣದ ಕೆಲಸ, ದೊಡ್ಡದು ಮಾಡಬೇಡಿ.

ಸರಿಯಾಗದ್ದನ್ನು ಮುಚ್ಚಿಡಬೇಡಿ. ಓಡುವ ಮಗು ಅಲುಗಿಹೋಗಿದ್ದರೆ ಯಾವ ಆ್ಯಪೂ ಅದನ್ನು ಮೊದಲಿನಂತೆ ತರುವುದಿಲ್ಲ. ಶಟರ್ ಸ್ಪೀಡ್ 1/30 ಸೆಕೆಂಡ್ ಇತ್ತು, ಮುಂದಿನ ಸಲ 1/500 ಇಡು, ಐಎಸ್ಒ ಏರಿದರೆ ಏರಲಿ ಅಂತ ನೇರವಾಗಿ ಹೇಳಿ.

ನಾನು ಖಂಡಿತ ಹೇಳದ ಒಂದು ಮಾತಿದೆ: ಪ್ರಾಣಿ ಫೋಟೋಗೆ "ಇನ್ನೂ ಹತ್ತಿರ ಹೋಗು". ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ನೋಡಲು ಹೋದವರು ಫೋನನ್ನು ಕೊನೆಯ ತನಕ ಝೂಮ್ ಮಾಡಿ, ಕಲೆಸಿದ ಬಣ್ಣದಂಥ ಜಿಂಕೆ ತರುತ್ತಾರೆ. ಹತ್ತಿರ ಹೋಗು ಅಂದರೆ ಮುಂದಿನ ಸಲ ಅಟ್ಟಿಸಿಕೊಂಡು ಹೋಗುತ್ತಾರೆ. ಅದರ ಬದಲು "ಝೂಮ್ ಬಿಡು, ಹುಲ್ಲುಗಾವಲು ಪೂರ್ತಿ ಬರಲಿ, ಅದರಲ್ಲಿ ಜಿಂಕೆ ಚಿಕ್ಕದಾಗಿ ಇರಲಿ" ಅನ್ನಿ. ಬಯಲು ಎಷ್ಟು ಅಗಲ ಅಂತಲಾದರೂ ಗೊತ್ತಾಗುತ್ತದೆ.

ಇನ್ನು ಫೋಟೋದಲ್ಲಿರುವ ಮನುಷ್ಯರ ರೂಪ, ಬಣ್ಣ, ಮೈಕಟ್ಟಿನ ಬಗ್ಗೆ ಒಂದಕ್ಷರವೂ ಬೇಡ. ಬೆಳಕು ಮುಖಕ್ಕೆ ಬಿದ್ದಿಲ್ಲ ಅನ್ನಬಹುದು, ಮುಖ ಕಪ್ಪು ಅನ್ನಬಾರದು. ("ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಮ್ಮ" ಅಂತ ಆಲ್ಬಮ್‌ಗೆ ಬರುವ ಫೋನುಗಳ ಬಗ್ಗೆ ಬರೆದರೆ ಇನ್ನೊಂದು ಲೇಖನವೇ ಆಗುತ್ತದೆ. ಬಿಡಿ.)

ಗ್ರೂಪಿನಲ್ಲಿ ಎಲ್ಲರ ಎದುರು ಇಷ್ಟವಾದದ್ದನ್ನು ಹೇಳಿ, ತಿದ್ದುವುದನ್ನು ಬೇರೆ ಮೆಸೇಜಿನಲ್ಲಿ ಹೇಳಿ. ಇಷ್ಟವಾದದ್ದಕ್ಕೂ ಕಾರಣ ಕೊಡಿ. "ಆ ಅಜ್ಜಿ ಕೈಯನ್ನು ಪೂರ್ತಿ ಫ್ರೇಮೊಳಗೆ ಇಟ್ಟಿದ್ದೀಯ, ಅದು ಒಳ್ಳೆಯದಾಯ್ತು" ಅಂದರೆ ಅದನ್ನವಳು ಮುಂದೆಯೂ ಮಾಡುತ್ತಾಳೆ. ದೊಡ್ಡವರಾದರೆ, ನಿವೃತ್ತರಾಗಿ ಈಗಷ್ಟೇ ದುಬಾರಿ ಕ್ಯಾಮರಾ ಕೊಂಡ ಮೇಷ್ಟ್ರಾದರೆ, ತಪ್ಪಿನ ಮಾತು ಬೇಡ. "ಸರ್, ನನ್ನ ಕಣ್ಣು ಆ ಬ್ಯಾನರ್ ಮೇಲೇ ಹೋಗ್ತಿದೆ, ನಿಮಗೂ ಹಾಗೆ ಅನಿಸ್ತಾ?" ಅಂತ ಕೇಳಿದರೆ ಸಾಕು. ಅವರ ಫೋಟೋವನ್ನು ನೀವೇ ಎಡಿಟ್ ಮಾಡಿ ವಾಪಸ್ ಕಳಿಸುವುದು ಅವರು ಕೇಳಿದರೆ ಮಾತ್ರ.

ಇಷ್ಟೆಲ್ಲ ಆದ ಮೇಲೆ ನಾನು ಒಂದು ಕೇಳಿಯೇ ಕೇಳುತ್ತೇನೆ: "ಇದರ ಹಿಂದೆ ಮುಂದೆ ತೆಗೆದಿದ್ದನ್ನೂ ಕಳಿಸು." ಹೊಸಬರು ಬಹಳ ಸಲ ತಪ್ಪುವುದು ತೆಗೆಯುವುದರಲ್ಲಲ್ಲ, ಆರಿಸುವುದರಲ್ಲಿ. ಎಲ್ಲರೂ ಕ್ಯಾಮರಾ ನೋಡಿ ನಕ್ಕ ಫೋಟೋ ಕಳಿಸಿರುತ್ತಾರೆ. ಅದಕ್ಕೂ ಮುಂಚೆ ಇಬ್ಬರು ತಮ್ಮಷ್ಟಕ್ಕೆ ಮಾತಾಡಿಕೊಂಡು ನಗುತ್ತಿದ್ದದ್ದು ಗ್ಯಾಲರಿಯಲ್ಲೇ ಬಿದ್ದಿರುತ್ತದೆ. ಅದನ್ನು ಡಿಲೀಟ್ ಮಾಡುವ ಮೊದಲು ತರಿಸಿಕೊಳ್ಳಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವುದು ಇಟ್ಟುಕೊಳ್ಳುತ್ತೀಯ, ಯಾಕೆ ಅಂತ ಅವರನ್ನೇ ಕೇಳಿ.