ಮುಧೋಳ ನಾಯಿ ಕರೆದರೆ ಬರುತ್ತದೆ, ನಾನೇ ಸಾಕ್ಷಿ

ಹೋದ ತಿಂಗಳು ಕಡಲೆ ಕಿತ್ತ ಹೊಲದಲ್ಲಿ ಒಂದು ಮೊಲ ಎದ್ದಿತು. ನನ್ನ ನಾಯಿ, ಓಡಿ ಬೇಟೆಯಾಡುವ ಮುಧೋಳ ತಳಿಯವಳು, ಹೆಸರು ಗಾಳಿ, ಹಗ್ಗವಿಲ್ಲದೆ ಮುಂದೆ ಹೋಗುತ್ತಿದ್ದಳು. ಎರಡೇ ನೆಗೆತಕ್ಕೆ ಬದು ದಾಟಿದಳು. ನಾನು ಸೀಟಿ ಊದಿದೆ, ಒಂದೇ ಸಲ. ಅವಳ ಹಿಂಗಾಲು ಎರೆಮಣ್ಣಿನಲ್ಲಿ ಜಾರಿ ಧೂಳೆದ್ದಿತು. ಅರ್ಧ ಸುತ್ತು ತಿರುಗಿ ಅದೇ ವೇಗದಲ್ಲಿ ನನ್ನ ಕಡೆಗೆ ಬಂದಳು. ಬದುವಿನ ಮೇಲೆ ಕೂತಿದ್ದ ಕುರಿ ಕಾಯುವ ಕಾಕಾ ಬಾಯಿಂದ ಬೀಡಿ ತೆಗೆದು, "ಏನ್ ಮದ್ದು ಹಾಕೀರಿ ಮಾಸ್ತರ ಇದಕ್ಕ?" ಅಂದರು.

ಮೂರು ವರ್ಷದ ಹಿಂದೆ ಇದೇ ಕಾಕಾ ಹೇಳಿದ್ದರು: "ಮುಧೋಳ ನಾಯಿ ಒಮ್ಮೆ ಬೆನ್ನು ಹತ್ತಿತಂದ್ರ ದೇವ್ರು ಕರದ್ರೂ ಹೊಳ್ಳಿ ನೋಡಂಗಿಲ್ರಿ." ನಮ್ಮ ಮಾವನವರು ಹೇಳಿದ್ದೂ ಅದೇ. ಅವರು ಮುಧೋಳದ ಹತ್ತಿರದ ಲೋಕಾಪುರದ ಕಡೆಯವರು. ಅವರ ಮನೆಯಲ್ಲಿ ಈ ನಾಯಿ ಇಲ್ಲದ ಕಾಲವೇ ಇರಲಿಲ್ಲ. ಎದುರಾಡುವ ಹಾಗಿರಲಿಲ್ಲ. ಆದರೂ ನನಗೊಂದು ಹಟ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದ ನಾಯಿ. ಸಿಪಾಯಿ ಕಲಿಸಿದರೆ ಕಲಿಯುತ್ತದೆ, ಶಾಲೆ ಮಾಸ್ತರ್ ಕಲಿಸಿದರೆ ಕಲಿಯುವುದಿಲ್ಲವೇ?

ಹಟ ಒಂದೇ ಕಾರಣ ಅಲ್ಲ. ನಮ್ಮ ಮನೆ ಇರುವುದು ಧಾರವಾಡದ ಹೊರಗೆ. ಹಿತ್ತಿಲ ಆಚೆ ಹೊಲ, ಅದರಾಚೆ ಹಳ್ಳ, ಈ ಕಡೆ ದೊಡ್ಡ ರಸ್ತೆ. ಮೊಲ, ನವಿಲಿಗೆ ನಾಯಿ ಬಾಯಿ ಹಾಕಿದರೆ 1972ರ ವನ್ಯಜೀವಿ ಕಾಯ್ದೆ ಬರುವುದು ನಾಯಿಯ ಮೇಲಲ್ಲ, ನನ್ನ ಮೇಲೆ. ಜೀವನಪೂರ್ತಿ ಚೈನಿನಲ್ಲಿ ಕಟ್ಟಿ ಹಾಕುವುದಾದರೆ ಓಡುವ ನಾಯಿಯನ್ನು ತರುವುದಾದರೂ ಯಾಕೆ?

ಕ್ಲಿಕ್ಕರ್ (ನಾಯಿ ಸರಿ ಮಾಡಿದ ಕ್ಷಣಕ್ಕೆ ಟಿಕ್ ಅನ್ನಿಸುವ ಪುಟ್ಟ ಡಬ್ಬಿ), ಲಾಂಗ್ ಲೈನ್ (ಉದ್ದ ಹಗ್ಗ), ಮನೆಯೊಳಗಿಂದ ಶುರು ಮಾಡಿ ಅಂಗಳಕ್ಕೆ ಬರುವುದು, ಇದೆಲ್ಲ ನಾಯಿಗೆ ಕಲಿಸುವವರಿಗೆ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವುದಿಲ್ಲ. ನಾನು ಎಲ್ಲೆಲ್ಲಿ ಕೆಟ್ಟೆ ಅನ್ನುವುದನ್ನು ಬರೆಯುತ್ತೇನೆ. ಲೆಕ್ಕ ಎಲ್ಲ ನೆನಪಿನ ಮೇಲೆ.

ಮೊದಲನೆಯದು, ಬೇರೆಯವರ ಕೈಗೆ ಕೊಟ್ಟಿದ್ದು. ಗಾಳಿಗೆ ಏಳು ತಿಂಗಳಿದ್ದಾಗ ಊರಿನ ಒಬ್ಬ ಟ್ರೈನರ್ ಹತ್ತಿರ ಬಿಟ್ಟೆ. ಆರು ವಾರಕ್ಕೆ 15 ಸಾವಿರ. ಜಗ್ಗಿದರೆ ಕೊರಳು ಬಿಗಿಯುವ ಚೋಕ್ ಚೈನಿನ ಕೆಲಸ. ವಾಪಸ್ ಬಂದಾಗ ಪಕ್ಕದಲ್ಲಿ ಚೆಂದಾಗಿ ನಡೆಯುತ್ತಿದ್ದಳು. ಆದರೆ "ಬಾ" ಅಂದರೆ ಅಲ್ಲೇ ಕುಗ್ಗಿ ಉಚ್ಚೆ ಹೊಯ್ಯುತ್ತಿದ್ದಳು. ಹೆದರಿಕೆ ಅಂಟಿ ಆ ಶಬ್ದ ಸುಟ್ಟು ಹೋಗಿತ್ತು. ಸುಟ್ಟ ಶಬ್ದವನ್ನು ರಿಪೇರಿ ಮಾಡಲು ಎರಡು ತಿಂಗಳು ಕಳೆದೆ. ದಂಡ. ಹೊಸ ಶಬ್ದ ತರುವುದೇ ಸುಲಭ. ಪಿಟಿ ಪಿರಿಯಡ್ಡಿನ ಸೀಟಿ ಹೇಗೂ ಕೊರಳಲ್ಲೇ ಇತ್ತು. ಅದನ್ನೇ ಹಿಡಿದೆ. "ಬಾ" ಅನ್ನುವುದನ್ನು ಮನೆಯವರೆಲ್ಲ ಇವತ್ತಿಗೂ ಅವಳ ಮುಂದೆ ಬಳಸುವುದಿಲ್ಲ.

ಎರಡನೆಯದು ಜಿಪಿಎಸ್ ಬೆಲ್ಟ್. ಏಳು ಸಾವಿರದ ಹತ್ತಿರ ಹೋಯಿತು. ಹಳ್ಳದ ತಗ್ಗಿಗೆ ಇಳಿದರೆ ನೆಟ್‌ವರ್ಕ್ ಇಲ್ಲ. ಇದ್ದಾಗಲೂ ನಾಯಿ ಎಲ್ಲಿದೆ ಅಂತ ಹೇಳುತ್ತಿತ್ತು ಅಷ್ಟೇ. ಒಂದು ಸಂಜೆ ಅದು ತೋರಿಸಿದ ಜಾಗಕ್ಕೆ ಹೋದೆ. ಗಾಳಿ ಮುಳ್ಳುತಂತಿಗೆ ಸಿಕ್ಕಿ ನಿಂತಿದ್ದಳು. ಪಕ್ಕೆಯ ಚರ್ಮ ಹಳೆ ಕೊಡೆಯ ಬಟ್ಟೆಯಂತೆ ಹರಿದಿತ್ತು. ಇವುಗಳ ಚರ್ಮ ಎಷ್ಟು ತೆಳುವು ಅಂತ ಸಾಕಿದವರಿಗೆ ಗೊತ್ತು. ಹದಿನಾಲ್ಕು ಹೊಲಿಗೆ, ಐದು ಸಾವಿರ ಚಿಲ್ಲರೆ. ಮೈಯಲ್ಲಿ ಕೊಬ್ಬಿಲ್ಲದ ಈ ಜಾತಿಗೆ ಅರಿವಳಿಕೆ ಔಷಧಿಯನ್ನು ನೋಡಿ ಕೊಡಬೇಕು ಅಂತ ಡಾಕ್ಟರ್ ಆವತ್ತು ಹೇಳಿದರು. ನೀವೂ ನಿಮ್ಮ ಡಾಕ್ಟರಿಗೆ ಮೊದಲೇ ನೆನಪಿಸಿ.

ಮೂರನೆಯದರಲ್ಲಿ ಎಲ್ಲರೂ ಬೀಳುತ್ತಾರೆ. ತಿಂಡಿ. ಬೇಯಿಸಿದ ಕೋಳಿ ಲಿವರ್, ಮೊಟ್ಟೆ, ಸಂತೆಯ ಒಣ ಸೀಗಡಿ, ಎಲ್ಲ ನೋಡಿದೆ. ಮನೆಯಲ್ಲಿ ಅದಕ್ಕಾಗಿ ಪ್ರಾಣ ಬಿಡುತ್ತಾಳೆ. ಹೊಲಕ್ಕೆ ಹೋದರೆ ಬಾಯಿಗಿಟ್ಟ ಲಿವರನ್ನೂ ಉಗುಳಿ ದೂರಕ್ಕೆ ನೋಡುತ್ತಾಳೆ. ಲ್ಯಾಬ್ರಡಾರ್ ಸಾಕಿದವರ ಸಲಹೆ ಕೇಳಿ ಲಿವರ್ ಜಾಸ್ತಿ ಮಾಡಿದೆ. ಭೇದಿ ಆಯಿತು. ಅಷ್ಟೇ ಫಲ.

ನಾಲ್ಕೈದು ತಿಂಗಳು ಹೀಗೇ ಹೋದ ಮೇಲೆ ಒಂದು ದಿನ ಗಾಳಿ ನನ್ನ ಮಗನ ಗಾಳಿಪಟದ ಬಾಲದ ಹಿಂದೆ ಬಿದ್ದಳು. ಪಟ ನೆಲಕ್ಕೆ ತಾಗಿ ಎಳೆದಾಡುತ್ತಿತ್ತು. ಇವಳಿಗೆ ಮೈಮೇಲೆ ಪ್ರಜ್ಞೆ ಇಲ್ಲ. ಆಗ ತಲೆಗೆ ಬಂತು. ಇವಳಿಗೆ ಕೂಲಿ ಅಂದರೆ ಲಿವರ್ ಅಲ್ಲ, ಓಟ. ಅಟ್ಟಿಸಿಕೊಂಡು ಹೋಗುವುದೇ ಇವಳ ಹಬ್ಬದೂಟ. ಅದನ್ನೇ ನಾನು ಕೊಟ್ಟರೆ?

ಏಳಡಿ ಬಿದಿರು ಗಳ, ಅದರ ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ, ಅದಕ್ಕೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ಬಾಲ. ಟ್ಯೂಬ್ ಯಾಕೆಂದರೆ ಹಿಡಿದು ಜಗ್ಗಿದಾಗ ಹಲ್ಲಿಗೂ ಕುತ್ತಿಗೆಗೂ ಪೆಟ್ಟಾಗಬಾರದು. ಮೊದಲು ಕೆಂಪು ಬಟ್ಟೆ ಕಟ್ಟಿದ್ದೆ. ಹುಲ್ಲಿನಲ್ಲಿ ನಿಂತುಬಿಟ್ಟರೆ ಇವಳಿಗೆ ಅದು ಕಾಣುತ್ತಲೇ ಇರಲಿಲ್ಲ. ನಾಯಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಗೊತ್ತಾಗುವುದಿಲ್ಲ, ನೀಲಿ ಹಳದಿ ಚೆನ್ನಾಗಿ ಕಾಣುತ್ತದೆ. ಹೆಂಡತಿಯ ಹಳದಿ ದುಪಟ್ಟಾ ಹೋಯಿತು. ಅದರ ಬಗ್ಗೆ ಇನ್ನೂ ಮಾತು ಕೇಳುತ್ತಿದ್ದೇನೆ.

ನಡುವೆ ಒಂದು ದೊಡ್ಡ ಮೂರ್ಖತನ ಮಾಡಿದೆ. ದುಪಟ್ಟಾಕ್ಕಿಂತ ಜೋರಾಗಲಿ ಅಂತ ಕಾಕಾನ ಹತ್ತಿರ ಕುರಿ ಉಣ್ಣೆ ಇಸಿದುಕೊಂಡು ಬಾಲ ಮಾಡಿದೆ. ಗಾಳಿ ಹುಚ್ಚಾದಳು. ನಾನು ಖುಷಿಯಾದೆ. ಹತ್ತನೆಯ ದಿನ ಅದೇ ಕಾಕಾನ ಮರಿಯ ತೊಡೆಗೆ ಬಾಯಿ ಹಾಕಿದಳು. ಕುರಿ ವಾಸನೆಯ ಹಿಂದೆ ಓಡುವುದನ್ನು ನಾನೇ ಕುಳಿತು ಕಲಿಸಿದ್ದೆ ಅಲ್ವಾ? ಬೇವಿನ ಮರದ ಕೆಳಗೆ ನಾಲ್ಕು ಜನ ಹಿರಿಯರು ಕೂತು ಆರೂವರೆ ಸಾವಿರ ಅಂದರು. ಕೊಟ್ಟೆ. ಮರಿ ಬದುಕಿತು. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಆಮೇಲೆ ಕ್ರಮ ಹೀಗಿತ್ತು. ಸೀಟಿ ಒಂದು ಸಲ. ತಿರುಗಿ ನೋಡಿದಳೋ, ಆ ಕ್ಷಣವೇ ನನ್ನ ಬೆನ್ನ ಹಿಂದಿನಿಂದ ದುಪಟ್ಟಾ ಹಾರುತ್ತದೆ, ನಾನಿರುವ ಕಡೆಯಿಂದ ದೂರಕ್ಕೆ. ಅಂದರೆ ಅವಳು ನನ್ನ ಹತ್ತಿರ ಓಡಿ ಬಂದು, ನನ್ನನ್ನು ದಾಟಿ ಬೇಟೆಗೆ ಹೋಗಬೇಕು. ನನ್ನ ಕಡೆಗೆ ಬರುವುದೇ ಓಟದ ಶುರು. ಹಿಡಿದ ಮೇಲೆ ಲಿವರ್ ಕೊಟ್ಟು ಬಾಲ ಬಿಡಿಸಿಕೊಳ್ಳುವುದು, "ಹೋಗು" ಅಂತ ಮತ್ತೆ ಬಿಡುವುದು. ಹತ್ತು ಸಲ ಕರೆದರೆ ಒಂಬತ್ತು ಸಲ ಬಿಡುತ್ತಿದ್ದೆ. ಸ್ನಾನಕ್ಕೆ, ಉಣ್ಣಿ ತೆಗೆಯಲು, ಚೈನಿಗೆ ಹಾಕಲು ಆ ಸೀಟಿ ಊದಿದ್ದು ಈವರೆಗೆ ಒಂದು ಸಲವೂ ಇಲ್ಲ. ಅದಕ್ಕೆಲ್ಲ ನಾನೇ ಎದ್ದು ಹೋಗಿ ಹಿಡಿದುಕೊಂಡು ಬರುತ್ತೇನೆ.

ಮೊದಲೆಲ್ಲ ಮೂವತ್ತು ಅಡಿ ಹಗ್ಗ ಕಟ್ಟಿಯೇ ಮಾಡಿದೆ. ನೈಲಾನ್ ಹಗ್ಗ ಒಂದು ಸಲ ಅಂಗೈ ಸುಟ್ಟ ಮೇಲೆ ಎತ್ತಿಗೆ ಹಾಕುವ ಹತ್ತಿ ಹಗ್ಗ ತಂದೆ. ಅದೂ ಎದೆಗೆ ಹಾಕುವ ಹಾರ್ನೆಸ್ಸಿಗೆ, ಕೊರಳಿಗಲ್ಲ. ಆ ವೇಗದಲ್ಲಿ ಕೊರಳು ಜಗ್ಗಿದರೆ ಕತೆ ಮುಗಿಯಿತು. ಇನ್ನು ಬರೀ ಬೆಲ್ಟ್ ಹಾಕಿದರೆ ಸಣ್ಣ ತಲೆಯಿಂದ ಸಲೀಸಾಗಿ ಜಾರಿ ಬರುತ್ತದೆ. ದಿನಕ್ಕೆ ಎಂಟು ಹತ್ತು ಸಲದಂತೆ ಒಟ್ಟು ಮೂರು ಸಾವಿರ ಸಲವಾದರೂ ಸೀಟಿ ಊದಿರಬೇಕು. ಶುರು ಮಾಡಿದ ಹದಿನಾಲ್ಕನೇ ತಿಂಗಳಿಗೆ ಹಗ್ಗ ಬಿಚ್ಚಿದೆ. ಆವತ್ತು ನನ್ನ ಕೈ ನಡುಗುತ್ತಿತ್ತು.

ಬಾಲ ಬಿಡಿಸಲು ಕೊಡುವ ಲಿವರನ್ನು ಹೊರಳಿಸುವ ಒಂದು ಪುಡಿ ಇದೆ. ಅದೇನು ಅಂತ ಹೇಳಲ್ಲ, ಕ್ಷಮಿಸಿ. ಕುರಿಯ ಚಟ ಬಿಡಿಸಿದ ಬಗೆಯನ್ನೂ ಬರೆಯುವುದಿಲ್ಲ. ಅರ್ಧ ಓದಿ ಮಾಡಿದರೆ ಬೇರೆಯವರ ಕುರಿ ಸಾಯುತ್ತದೆ. ಬಂದರೆ ತೋರಿಸುತ್ತೇನೆ.

ನಡುವೆ ಕೋಳಿಗೂ ಕಲಿಸಿದೆ, ನಗಬೇಡಿ. ಅಮೆರಿಕದ ಬಾಬ್ ಬೇಯ್ಲಿ ಅನ್ನುವ ಪ್ರಾಣಿ ತರಬೇತಿಗಾರರು ಕೈ ಚುರುಕಾಗಲಿ ಅಂತ ನಾಯಿಗೆ ಕಲಿಸುವವರ ಕೈಗೆ ಕೋಳಿ ಕೊಟ್ಟು ತರಬೇತಿ ಮಾಡುತ್ತಿದ್ದರು ಅಂತ ಓದಿದ್ದೆ. ಪಕ್ಕದ ಮನೆ ಅಕ್ಕಾರ ಜವಾರಿ ಕೋಳಿ ತಂದು ನೀಲಿ ಮುಚ್ಚಳ ಕುಟ್ಟುವುದನ್ನು ಕಲಿಸಿದೆ. ಎರಡು ಸಂಜೆ, ಒಂದು ಹಿಡಿ ನುಚ್ಚು. ಕೋಳಿ ಕುಟ್ಟುವುದು ಕಣ್ಣೆವೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಕ್ಲಿಕ್ ತಡವಾದರೆ ಅದು ಮುಚ್ಚಳ ಬಿಟ್ಟು ನನ್ನ ಕಾಲುಬೆರಳು ಕುಟ್ಟುತ್ತಿತ್ತು. ನನ್ನ ಕೈ ಎಷ್ಟು ನಿಧಾನ ಅಂತ ಆಗ ಗೊತ್ತಾಯಿತು. ಅದಾದ ಮೇಲೆ ಗಾಳಿಯ ಕಲಿಕೆ ಎದ್ದು ಕಾಣುವಷ್ಟು ಬೇಗ ಆಯಿತು.

ಪಟಾಕಿ ಹೆದರಿಕೆ ಬಿಡಿಸುವ ದೀಪಾವಳಿ ಪ್ರಯೋಗ ಅರ್ಧ ಗೆದ್ದಿತು. ಫೋನಿನಲ್ಲಿ ಪಟಾಕಿ ಸದ್ದು ಸಣ್ಣಗೆ ಹಾಕಿ, ಸದ್ದಿನ ಹಿಂದೆಯೇ ಲಿವರ್. ಫೋನಿಗೆ ಹೊಂದಿಕೊಂಡಳು. ನಿಜವಾದ ಪಟಾಕಿಗೆ ಮಂಚದ ಕೆಳಗೆ ಓಡಿದಳು. ನೆಲ ಅದುರುವುದು ಫೋನಿನಲ್ಲಿ ಬರುವುದಿಲ್ಲ ಅಲ್ವಾ. ಮರುವರ್ಷ ಓಣಿಯ ಹುಡುಗನಿಗೆ ಹೊಲದ ಆ ತುದಿಯಲ್ಲಿ ಸಣ್ಣ ಪಟಾಕಿ ಹಚ್ಚಲು ಹೇಳಿ, ದಿನಾ ಹತ್ತು ಹೆಜ್ಜೆ ಹತ್ತಿರ ಬರಿಸಿದೆ. ಈಗ ನಡುಮನೆಯಲ್ಲಿ ಮಲಗಿಯೇ ಇರುತ್ತಾಳೆ, ಕಿವಿ ಮಾತ್ರ ಹಿಂದಕ್ಕೆ. ಆದರೂ ಆ ಮೂರು ದಿನ ಸಂಜೆ ನಾಲ್ಕರ ಮೇಲೆ ಅಂಗಳಕ್ಕೂ ಹಗ್ಗವಿಲ್ಲದೆ ಬಿಡುವುದಿಲ್ಲ. ಬೆಲ್ಟಿನಲ್ಲಿ ನನ್ನ ಫೋನ್ ನಂಬರ್ ಇರುತ್ತದೆ.

ಇನ್ನೊಂದು, ಇಲಿ ಪಾಷಾಣ. ಸುಗ್ಗಿಯಲ್ಲಿ ಹೊಲ, ಕಣ ಎಲ್ಲ ಕಡೆ ಇಡುತ್ತಾರೆ. ನೆಲದ ಮೇಲೆ ಏನು ಸಿಕ್ಕರೂ ನನಗೆ ತಂದು ಕೊಟ್ಟರೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ ಅಂತ ಮರಿಯಿದ್ದಾಗಿನಿಂದ ಆಡಿಸಿದ್ದೆ. ಚಪ್ಪಲಿ, ಮೂಳೆ, ಒಮ್ಮೆ ಯಾರದೋ ಬನಿಯನ್. ಹೋದ ವರ್ಷ ಬೆಳಗ್ಗೆ ಸತ್ತ ಇಲಿ ಹಿಡಿದು ಬಂದಳು. ಬಾಲ ಬಾಯಿಂದ ಜೋತಾಡುತ್ತಿತ್ತು. "ಕೊಡು" ಅಂದೆ. ಅಂಗೈ ಮೇಲೆ ಇಟ್ಟಳು, ಬೆಚ್ಚಗಿನ ಜೊಲ್ಲಿನ ಸಮೇತ. ಜೇಬಿನಲ್ಲಿದ್ದ ಲಿವರ್ ಪೂರ್ತಿ ಸುರಿದೆ. ಹಾಗಂತ ಅದನ್ನೇ ನಂಬಿ ಕೂತಿಲ್ಲ. ಸುಗ್ಗಿಯಲ್ಲಿ ಬುಟ್ಟಿಯಂಥ ಬಾಯಿಬಲೆ ಹಾಕಿಯೇ ಹೊರಗೆ ಕರೆದೊಯ್ಯುತ್ತೇನೆ. ಒಳಗೆ ತುಪ್ಪ ಸವರಿ ಕಲಿಸಿದ್ದರಿಂದ ತಾನೇ ಬಂದು ಮೂತಿ ತೂರಿಸುತ್ತಾಳೆ. ಕಚ್ಚುವ ನಾಯಿ ಅಂತ ಜನ ದೂರ ಸರಿಯುತ್ತಾರೆ. ಸರಿಯಲಿ ಬಿಡಿ.

ಖರ್ಚು ಕೂಡಿಸಿದರೆ ಕೆಲಸಕ್ಕೆ ಬಾರದ್ದಕ್ಕೆ ಹೋದದ್ದು ಮೂವತ್ತಮೂರು ಸಾವಿರದ ಮೇಲೆ. ಕೆಲಸ ಮಾಡಿದ್ದು ಬಿದಿರು, ಹಗ್ಗ, ಸೀಟಿ. ಎಲ್ಲ ಸೇರಿ ಮುನ್ನೂರು ದಾಟಿಲ್ಲ, ದುಪಟ್ಟಾ ಬಿಟ್ಟು. ಮಾವನವರು ಬಂದು ನೋಡಿ, "ಇದು ಮುಧೋಳದ ತಳಿ ಅಲ್ಲ, ಎಲ್ಲೋ ಬೆರಕೆ ಆಗೇದ" ಅಂದರು. ತಂದುಕೊಟ್ಟವರೇ ಅವರು.

ನವಿಲು ಮಾತ್ರ ಇನ್ನೂ ಬಾಕಿ ಇದೆ. ಆರು ಸಲ ಎದುರಾಗಿವೆ, ನಾಲ್ಕು ಸಲ ಸೀಟಿಗೆ ತಿರುಗಿದ್ದಾಳೆ. ಉಳಿದ ಎರಡು ಸಲ ಹಗ್ಗ ಇತ್ತು, ಉಳಿದುಕೊಂಡೆ. ಹಳ್ಳದ ಕಡೆಗೆ ಹೋದಾಗ ಈಗಲೂ ಹಗ್ಗ ಬಿಚ್ಚುವುದಿಲ್ಲ.