ಕೊಲೆಸ್ಟ್ರಾಲ್ ಮಾತ್ರೆ ನುಂಗೋರು "ಆ ಮಾತ್ರೆ" ತಗೋಬಹುದಾ, ತಗೊಳೋದಾದ್ರೆ ಹೆಂಗೆ

ಮೊದ್ಲು ಉತ್ರ ಹೇಳ್ಬಿಡ್ತೀನಿ, ಆಮೇಲೆ ವಿವರ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಥರದ ಕೊಲೆಸ್ಟ್ರಾಲ್ ಮಾತ್ರೆ ದಿನಾ ನುಂಗೋರು, ಡಾಕ್ಟ್ರು ಬರ್ಕೊಟ್ಟಿದ್ರೆ "ಆ ಮಾತ್ರೆ", ಅಂದ್ರೆ ಗಂಡಸರಿಗೆ ಸರಿಯಾಗಿ ನಿಮಿರದ ತೊಂದ್ರೆಗೆ ಕೊಡೋ ಸಿಲ್ಡೆನಾಫಿಲ್ ಆಗ್ಲಿ ಟಡಾಲಾಫಿಲ್ ಆಗ್ಲಿ ತಗೋಬಹುದು, ಈ ಎರಡು ಗುಂಪಿನ ಮಾತ್ರೆಗಳಿಗೂ ಒಂದಕ್ಕೊಂದು ಅಂಥಾ ಜಗಳ ಏನಿಲ್ಲ. ಆದ್ರೆ ಕೊಲೆಸ್ಟ್ರಾಲ್ ಮಾತ್ರೆ ನುಂಗೋರ ಡಬ್ಬದಲ್ಲಿ ಅದೊಂದೇ ಇರೋದು ಅಪರೂಪ ಕಣ್ರೀ. ಪಕ್ಕದಲ್ಲಿ ಬಿಪಿದು, ಶುಗರ್‌ದು, ಹಾರ್ಟ್‌ದು ಅಂತ ಇನ್ನೂ ನಾಕು ಇರ್ತವೆ, ಜೀವಕ್ಕೆ ಕುತ್ತು ತರೋದು ಆ ಪಕ್ಕದವು.

ನಾನು ದಾವಣಗೆರೆಲಿ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಲ್ಲೋನು. ಈ ಮಾತ್ರೆ ಕೇಳೋರು ಬರೋದೇ ರಾತ್ರಿ ಒಂಬತ್ತರ ಮೇಲೆ, ಅಂಗಡಿ ಮುಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಬಾಯಲ್ಲಿ ಹೇಳಲ್ಲ, ಮೊಬೈಲ್ ತಿರುಗಿಸಿ ಫೋಟೋ ತೋರಿಸ್ತಾರೆ. "ಯಜಮಾನ್ರೆ, ಬೇರೆ ಏನಾದ್ರೂ ಮಾತ್ರೆ ತಗೋತೀರಾ" ಅಂದ್ರೆ "ಏನಿಲ್ಲಪ್ಪ, ಬರೀ ಕೊಲೆಸ್ಟ್ರಾಲ್‌ದು ಒಂದು" ಅಂತಾರೆ. ಜೇಬಿನ ಪ್ಲಾಸ್ಟಿಕ್ ಕವರ್ ತೆಗೆಸಿದ್ರೆ ಇಕೋಸ್ಪ್ರಿನ್ ಎವಿ ಇರ್ತದೆ, ಅಂದ್ರೆ ಆಸ್ಪಿರಿನ್ನೂ ಅಟೋರ್ವಾಸ್ಟಾಟಿನ್ನೂ ಸೇರಿರೋದು, ಜೊತೆಗೆ ಕತ್ತರಿಲಿ ಕಟ್ ಮಾಡಿರೋ ಅರ್ಧ ಸ್ಟ್ರಿಪ್ ಒಂದು, ಹೆಸರಿರೋ ತುದಿನೇ ಹೋಗಿರ್ತದೆ, ಬೆಳ್ಳಿ ಹಾಳೆ ಮೇಲೆ "ಟ್ರೇಟ್" ಅಂತ ಕೊನೆ ಅಕ್ಷರ ಅಷ್ಟೇ ಉಳಿದಿರ್ತದೆ. ಆ "ಟ್ರೇಟ್" ನೋಡಿದ್ರೆ ನನಗೆ ಎದೆ ಝಲ್ ಅನ್ನುತ್ತೆ.

ಯಾಕೆ ಅಂತ ಹೇಳ್ತೀನಿ. ಸಾರ್ಬಿಟ್ರೇಟ್, ಮೊನೊಟ್ರೇಟ್, ನೈಟ್ರೋಕಾಂಟಿನ್, ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಕೊಳೋ ಮಾತ್ರೆ, ನಾಲಿಗೆ ಕೆಳಗೆ ಹೊಡ್ಕೊಳೋ ಸ್ಪ್ರೇ, ಇವೆಲ್ಲ ನೈಟ್ರೇಟ್ ಜಾತಿ. ಇವು ರಕ್ತನಾಳ ಹಿಗ್ಗಿಸೋ ಒಂದು ವಸ್ತುನ ಮೈಯಲ್ಲಿ ಜಾಸ್ತಿ ಹುಟ್ಟಿಸ್ತವೆ, ಸಿಲ್ಡೆನಾಫಿಲ್ ಟಡಾಲಾಫಿಲ್ ಅದೇ ವಸ್ತು ಕರಗದಂಗೆ ತಡೀತವೆ. ಎರಡೂ ಸೇರಿದ್ರೆ ನಾಳ ಎಲ್ಲ ಒಟ್ಟಿಗೆ ಹಿಗ್ಗಿ ಬಿಪಿ ಪಾತಾಳಕ್ಕೆ ಇಳೀತೈತೆ, ಮನುಷ್ಯ ಇದ್ದಲ್ಲೇ ಕುಸಿದು ಬೀಳ್ತಾನೆ, ಜೀವಾನೂ ಹೋಗಬಹುದು. ನಿಕೊರಾಂಡಿಲ್ ಅಂತ ಒಂದೈತೆ, ನಿಕೊರಾನ್ ಹೆಸರಲ್ಲಿ ಬರ್ತದೆ, ಹೆಸರಲ್ಲಿ ಟ್ರೇಟ್ ಇಲ್ಲ ಆದ್ರೆ ಕೆಲ್ಸ ಅದೇ, ಅದಕ್ಕೂ ಇದೇ ನಿಯಮ. ದಿನಾ ನೈಟ್ರೇಟ್ ತಗೊಳೋರಿಗೆ ಈ ಮಾತ್ರೆ ಇಲ್ಲವೇ ಇಲ್ಲ, ಅರ್ಧ ಮುರ್ಕೊಂಡು ತಗೋತೀನಿ, ಬೆಳಿಗ್ಗೆ ಅದು ರಾತ್ರಿ ಇದು ಅಂತೆಲ್ಲ ಲೆಕ್ಕ ಹಾಕಬ್ಯಾಡ್ರಿ. ಯಾವತ್ತೋ ಒಮ್ಮೆ ಬೇಕಾಗಬಹುದು ಅಂತ ಸಾರ್ಬಿಟ್ರೇಟ್ ಜೇಬಲ್ಲಿ ಇಟ್ಕೊಂಡಿರೋರಿಗೂ ಇದೇ ನಿಯಮ.

ಇದನ್ನ ಮನೆಯೋರಿಗೂ ಹೇಳಿಡಿ, ನಾಚಿಕೆ ಪಟ್ಕೋಬ್ಯಾಡ್ರಿ. ಮಾತ್ರೆ ತಗೊಂಡ ಮೇಲೆ ಎದೆನೋವು ಬಂತು ಅಂದ್ರೆ ಕೆಲ್ಸ ನಿಲ್ಲಿಸಿ ಕೂತ್ಕೊಳ್ಳಿ, 108ಕ್ಕೆ ಫೋನ್ ಮಾಡ್ಸಿ, ಪಕ್ಕದ ಮನೆಯೋರು ಪ್ರೀತಿಯಿಂದ ತಂದುಕೊಡೋ ಸಾರ್ಬಿಟ್ರೇಟ್ ಮಾತ್ರ ನಾಲಿಗೆ ಕೆಳಗೆ ಇಡಬ್ಯಾಡ್ರಿ. ಬಂದ ಸಿಬ್ಬಂದಿಗೆ, ಕ್ಯಾಜುವಾಲ್ಟಿ ಡಾಕ್ಟ್ರಿಗೆ, ಯಾವ ಮಾತ್ರೆ ಎಷ್ಟು ಗಂಟೆಗೆ ತಗೊಂಡೆ ಅಂತ ಕೇಳೋಕೆ ಮುಂಚೆನೇ ಹೇಳಿ. ಸಿಲ್ಡೆನಾಫಿಲ್ ಆದ್ರೆ 24 ಗಂಟೆ, ಟಡಾಲಾಫಿಲ್ ಆದ್ರೆ 48 ಗಂಟೆ ಅವರು ನೈಟ್ರೇಟ್ ಕೊಡೋಕೆ ಹಿಂದೆಮುಂದೆ ನೋಡ್ತಾರೆ, ಬೇರೆ ದಾರಿ ಅವರಿಗೆ ಗೊತ್ತಿರ್ತೈತೆ.

ಸರಿ, ನೈಟ್ರೇಟ್ ಇಲ್ಲ ಅಂತ ಗ್ಯಾರಂಟಿ ಆಯ್ತು. ಮುಂದೆ?

"ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿದ ಮೇಲೇನೇ ನನಗೆ ಈ ತೊಂದ್ರೆ ಬಂದಿದ್ದು, ಅದನ್ನೇ ಬಿಟ್ಬಿಡ್ತೀನಿ" ಅನ್ನೋರು ಭಾಳ ಜನ. ಬಿಡಬ್ಯಾಡ್ರಿ. ನಿಮಿರೋಕೆ ರಕ್ತ ಬೇಕು, ಅಲ್ಲಿಗೆ ಹೋಗೋ ನಾಳ ಒಂದು ಎರಡು ಮಿಲಿಮೀಟರ್ ದಪ್ಪ ಅಷ್ಟೇ, ಹೃದಯದ ನಾಳ ಮೂರು ನಾಕು ಮಿಲಿಮೀಟರ್. ಭದ್ರಾ ನಾಲೆ ನೀರು ಕಡಿಮೆ ಆದ್ರೆ ಮೊದ್ಲು ಒಣಗೋದು ಕೊನೆ ಭಾಗದ ಗದ್ದೆ ತಾನೆ, ಹಂಗೇ ಇದು. ಕೊಲೆಸ್ಟ್ರಾಲ್, ಶುಗರ್, ಬೀಡಿ ಸಿಗರೇಟು ಇವು ನಾಳ ಕೆಡಿಸಿದಾಗ ಮೊದ್ಲು ಗೊತ್ತಾಗೋದು ಅಲ್ಲೇ, ಎದೆನೋವು ಎಷ್ಟೋ ಜನಕ್ಕೆ ಎರಡು ಮೂರು ವರ್ಷ ಬಿಟ್ಟು ಬರ್ತೈತೆ. ಅಂದ್ರೆ ತೊಂದ್ರೆ ಕೊಟ್ಟಿದ್ದು ಮಾತ್ರೆ ಅಲ್ಲ, ಮಾತ್ರೆ ಯಾವ ಕಾಯಿಲೆಗೆ ಕೊಟ್ರೋ ಆ ಕಾಯಿಲೆ. ಸ್ಟಾಟಿನ್, ಅಂದ್ರೆ ಈ ಅಟೋರ್ವಾ ರೋಸುವಾ ಜಾತಿ ಕೊಲೆಸ್ಟ್ರಾಲ್ ಮಾತ್ರೆ, ತಗೊಂಡೋರಲ್ಲಿ ನಿಮಿರುವಿಕೆ ಸ್ವಲ್ಪ ಸುಧಾರಿಸಿದ್ದೂ ಅಧ್ಯಯನಗಳಲ್ಲಿ ಕಂಡೈತೆ. ನಿಜವಾಗ್ಲೂ ಅನುಮಾನ ಪಡಬೇಕಾದ್ದು ಬೇರೆ ಮಾತ್ರೆಗಳ ಮೇಲೆ, ಅಟೆನೊಲಾಲ್ ಥರದ ಹಳೇ ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡಿಸೋ ಕ್ಲೋರ್ಥಾಲಿಡೋನ್, ಪ್ರಾಸ್ಟೇಟ್‌ಗೆ ಕೊಡೋ ಡ್ಯುಟಾಸ್ಟೆರೈಡ್. ಅವನ್ನೂ ನೀವಾಗೇ ನಿಲ್ಲಿಸಬ್ಯಾಡ್ರಿ, ಬದಲಿ ಐತಾ ಅಂತ ಕೇಳಿ, ಐತೆ.

ಇನ್ನು ಹೃದಯಕ್ಕೆ ಆ ಶ್ರಮ ತಡ್ಕೊಳೋ ಶಕ್ತಿ ಐತಾ ಅನ್ನೋ ಪ್ರಶ್ನೆ. ಚಿತ್ರದುರ್ಗದ ಕೋಟೆ ಹತ್ತಿ ತೋರಿಸಿ ಅಂತ ಯಾರೂ ಹೇಳಲ್ಲ. ಎರಡು ಮಹಡಿ ಮೆಟ್ಲು ಸ್ವಲ್ಪ ಬಿರುಸಾಗಿ ಹತ್ತಿ, ಎದೆ ಹಿಡ್ಕೊಳ್ದೆ, ಮಧ್ಯೆ ನಿಲ್ದೆ ಹತ್ತೋಕೆ ಆಗ್ತೈತಾ? ಕುಂದವಾಡ ಕೆರೆ ಏರಿ ಮೇಲೆ ಬೀಸಾಗಿ ನಡೀತೀರಾ? ಹಂಗಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ ಅಂತ ಡಾಕ್ಟ್ರು ಅಂದಾಜು ಮಾಡ್ತಾರೆ. ಆರು ತಿಂಗಳೊಳಗೆ ಹಾರ್ಟ್ ಅಟ್ಯಾಕೋ ಸ್ಟ್ರೋಕೋ ಆಗಿದ್ರೆ, ಬಿಪಿ ಮೇಲಿನದು 90ಕ್ಕಿಂತ ಕೆಳಗೆ ಇದ್ರೆ ಅಥವಾ 170 ದಾಟಿದ್ರೆ, ಹೃದಯದ ಡಾಕ್ಟ್ರು ಹೂಂ ಅನ್ನೋ ತನಕ ಮಾತ್ರೆ ಮುಟ್ಟಬ್ಯಾಡ್ರಿ.

ತಗೊಳೋ ರೀತಿಗೆ ಬರೋಣ. ಕೊಲೆಸ್ಟ್ರಾಲ್ ಮಾತ್ರೆಗೂ ಇದಕ್ಕೂ ಇಷ್ಟು ಗಂಟೆ ಅಂತರ ಇರಬೇಕು ಅನ್ನೋ ನಿಯಮ ಏನಿಲ್ಲ. ಅಟೋರ್ವಾ, ರೋಸುವಾ ದಿನದ ಯಾವ ಹೊತ್ತಲ್ಲಾದ್ರೂ ತಗೋಬಹುದು, ದಿನಾ ಒಂದೇ ಹೊತ್ತು ಅಷ್ಟೇ, ಸಿಮ್ವಾಸ್ಟಾಟಿನ್ ಮಾತ್ರ ರಾತ್ರಿ. ಎರಡೂ ರಾತ್ರಿ ಬಂದ್ರೆ ಬರಲಿ ಬಿಡಿ, "ಇವತ್ತು ಅದು ತಗೋತೀನಿ, ಕೊಲೆಸ್ಟ್ರಾಲ್‌ದು ಬ್ಯಾಡ" ಅಂತ ಬಿಡೋ ಅಭ್ಯಾಸ ಮಾತ್ರ ಮಾಡ್ಕೋಬ್ಯಾಡ್ರಿ.

ಸಿಲ್ಡೆನಾಫಿಲ್ ಸಾಮಾನ್ಯವಾಗಿ 50 ಎಂಜಿಯಿಂದ ಶುರು, 65 ದಾಟಿದೋರಿಗೆ, ಲಿವರ್ ಅಥವಾ ಕಿಡ್ನಿ ಜೋರಾಗೇ ಕೆಟ್ಟಿರೋರಿಗೆ 25. ಒಂದು ಗಂಟೆ ಮುಂಚೆ ತಗೋಬೇಕು, ದಿನಕ್ಕೆ ಒಂದೇ ಸಲ, ಎಷ್ಟೇ ಆದ್ರೂ 100 ಎಂಜಿ ದಾಟಂಗಿಲ್ಲ. ಊಟದ ವಿಚಾರ ನಮ್ಮ ಊರಿಗೆ ಸ್ಪೆಷಲ್ಲಾಗಿ ಹೇಳಬೇಕು. ಜಿಡ್ಡು ಜಾಸ್ತಿ ಇರೋ ಊಟ ಆದ ಮೇಲೆ ತಗೊಂಡ್ರೆ ಈ ಮಾತ್ರೆ ಹತ್ತೋದು ಸುಮಾರು ಒಂದು ಗಂಟೆ ತಡ, ಶಕ್ತಿನೂ ಕಮ್ಮಿ. ಸಂಜೆ ಎರಡು ಬೆಣ್ಣೆ ದೋಸೆ, ಮೇಲೊಂದು ಬೆಣ್ಣೆ ಉಂಡೆ, ಹಂಗೇ ಮಂಡಕ್ಕಿ ಮಿರ್ಚಿ ತಿಂದು ಬಂದು ಮಾತ್ರೆ ನುಂಗಿ "ಡೂಪ್ಲಿಕೇಟ್ ಕೊಟ್ಟಿದೀಯ" ಅಂತ ಮಾರನೇ ದಿನ ನಮ್ಮ ಮೇಲೆ ರೇಗಿದ್ರೆ ನಾವೇನ್ ಮಾಡೋಣ ಹೇಳ್ರಿ. ಕೊಲೆಸ್ಟ್ರಾಲ್ ಇರೋರು ಅಷ್ಟು ಬೆಣ್ಣೆ ತಿನ್ನೋದೇ ಒಂದು ಪ್ರಶ್ನೆ, ಅದು ಬೇರೆ ವಿಚಾರ. ಇನ್ನೊಂದು, ಮಾತ್ರೆ ನುಂಗಿ ಟಿವಿ ನೋಡ್ತಾ ಕೂತ್ರೆ ತಾನಾಗೇ ಏನೂ ಆಗಲ್ಲ, ಮನಸಲ್ಲಿ ಆಸೆ ಇರಬೇಕು. ಒಂದೇ ಸಲಕ್ಕೆ ಆಗ್ಲಿಲ್ಲ ಅಂತ ಡೋಸು ಏರಿಸಬ್ಯಾಡ್ರಿ, ನಾಕಾರು ಸಲ ಸರಿಯಾಗಿ ತಗೊಂಡು ನೋಡಿ ಆಮೇಲೆ ಡಾಕ್ಟ್ರನ್ನ ಕೇಳಿ.

ಟಡಾಲಾಫಿಲ್ ಊಟಕ್ಕೆ ತಲೆ ಕೆಡಿಸ್ಕೊಳಲ್ಲ, 36 ಗಂಟೆ ತನಕ ಕೆಲ್ಸ ಮಾಡ್ತೈತೆ. ಬೇಕಾದಾಗ ತಗೊಳೋರಿಗೆ 10 ಎಂಜಿ, ದಿನಾ ತಗೊಳೋರಿಗೆ 2.5 ಅಥವಾ 5 ಎಂಜಿ. ಎರಡು ಬಗೇನೂ ಬೆರೆಸೋದು, ಸಿಲ್ಡೆನಾಫಿಲ್ ಮೇಲೆ ಟಡಾಲಾಫಿಲ್ ಹಾಕೋದು ಬ್ಯಾಡ. ಕುಡಿದು ತಗೊಂಡ್ರೆ ಬಿಪಿ ಇಳಿದು ತಲೆ ತಿರುಗ್ತೈತೆ, ಮಾತ್ರೆ ಕೆಲ್ಸಾನೂ ಕೆಡ್ತೈತೆ.

ಈಗ ಎರಡೂ ಮಾತ್ರೆ ತಗೊಳೋರು ಗೊಂದಲ ಮಾಡ್ಕೊಳೋ ಜಾಗ, ಮೈಕೈ ನೋವು. ಟಡಾಲಾಫಿಲ್ ತಗೊಂಡ ಮಾರನೇ ದಿನ ಸೊಂಟ, ತೊಡೆ ಹಿಡ್ಕೊಳೋದು ಮಾಮೂಲಿ, ಅರ್ಧ ದಿನ ಒಂದು ದಿನ ಬಿಟ್ಟು ಶುರುವಾಗಿ ಎರಡು ದಿನದಲ್ಲಿ ತಾನೇ ಹೋಗ್ತೈತೆ. ಸ್ಟಾಟಿನ್ ನೋವು ಹಂಗಲ್ಲ, ಎರಡೂ ತೊಡೆ, ಮೀನಖಂಡ, ಹೆಗಲು ಒಂದೇ ಸಮ ನೋಯ್ತವೆ, ದಿನದಿಂದ ದಿನಕ್ಕೆ ಇರ್ತೈತೆ, ಕುರ್ಚಿಯಿಂದ ಏಳೋಕೆ ಬಲ ಸಾಲಲ್ಲ. ಮಾತ್ರೆ ಶುರು ಮಾಡಿದ ದಿನ, ನೋವು ಬಂದ ದಿನ, ಹೋದ ದಿನ ಕ್ಯಾಲೆಂಡರ್ ಮೇಲೆ ಒಂದು ಗೆರೆ ಎಳೆದಿಟ್ರೆ ಡಾಕ್ಟ್ರಿಗೆ ಯಾವುದರ ಕಿತಾಪತಿ ಅಂತ ತಕ್ಷಣ ಗೊತ್ತಾಗ್ತೈತೆ, ಬೇಕಿದ್ರೆ ಸಿಕೆ ಅಂತ ಒಂದು ರಕ್ತ ಪರೀಕ್ಷೆ ಬರೀತಾರೆ. ನೋವಿನ ಜೊತೆ ಮೂತ್ರ ಹಾಲು ಹಾಕದ ಕಪ್ಪು ಚಾ ಬಣ್ಣಕ್ಕೆ ಬಂದ್ರೆ ಮಾತ್ರ ಕಾಯೋಕೆ ಹೋಗ್ಬ್ಯಾಡ್ರಿ, ಅವತ್ತೇ ಆಸ್ಪತ್ರೆ. ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳ್ತಿರಬಹುದು. ಇದು ತೀರಾ ಅಪರೂಪ, ಆದ್ರೆ ಗೊತ್ತಿರಲಿ.

ಆ ಅಪರೂಪ ಯಾವಾಗ ಜಾಸ್ತಿ ಆಗ್ತೈತೆ ಗೊತ್ತಾ, ಮಧ್ಯೆ ಇನ್ನೊಂದು ಮಾತ್ರೆ ತೂರಿಕೊಂಡಾಗ. ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್, ಸಿಲ್ಡೆನಾಫಿಲ್, ಟಡಾಲಾಫಿಲ್ ನಾಕನ್ನೂ ಲಿವರಲ್ಲಿ ಕರಗಿಸೋದು ಹೆಚ್ಚುಕಮ್ಮಿ ಒಂದೇ ಕಿಣ್ವ. ಅದನ್ನ ಕಟ್ಟಿಹಾಕೋ ಔಷಧ ಬಂದ್ರೆ ನಾಕೂ ಮೈಯಲ್ಲಿ ಶೇಖರ ಆಗ್ತವೆ. ಬೇಸಿಗೆ ಬಂತು ಅಂದ್ರೆ ತೊಡೆಸಂದಿ ಗಜಕರ್ಣಕ್ಕೆ ಇಟ್ರಾಕೊನಜೋಲ್ ವಾರಗಟ್ಲೆ ಬರೀತಾರಲ್ಲ, ಅದು ಈ ಕಿಣ್ವ ಕಟ್ಟಿಹಾಕೋದರಲ್ಲಿ ನಂಬರ್ ಒನ್ ಗುಂಪಲ್ಲಿ ಬರ್ತದೆ. ಚರ್ಮದ ಡಾಕ್ಟ್ರಿಗೆ ನೀವು ಕೊಲೆಸ್ಟ್ರಾಲ್ ಮಾತ್ರೆ ವಿಚಾರ ಹೇಳಿರಲ್ಲ, ಈ ಮಾತ್ರೆ ವಿಚಾರ ಅಂತೂ ಹೇಳೋದೇ ಇಲ್ಲ. ಕಫ ಗಂಟಲಿಗೆ ಕೊಡೋ ಕ್ಲಾರಿಥ್ರೋಮೈಸಿನ್ನೂ ಅದೇ ಥರ, ಬಿಪಿ ಹಾರ್ಟ್‌ಗೆ ಕೊಡೋ ಡಿಲ್ಟಿಯಾಜೆಮ್, ವೆರಾಪಮಿಲ್ ಸ್ವಲ್ಪ ಕಮ್ಮಿ ಪ್ರಮಾಣದಲ್ಲಿ. ಇವು ಇದ್ದಾಗ ಡೋಸು ಇಳಿಸೋದೋ, ಸ್ವಲ್ಪ ದಿನ ಒಂದನ್ನ ನಿಲ್ಲಿಸೋದೋ ಡಾಕ್ಟ್ರು ಹೇಳ್ತಾರೆ. ರೋಸುವಾಸ್ಟಾಟಿನ್ ಈ ದಾರೀಲಿ ಹೋಗಲ್ಲ, ಹಂಗಾಗಿ ಎಷ್ಟೋ ಸಲ ಅದಕ್ಕೆ ಬದಲಾಯಿಸ್ತಾರೆ.

ಪ್ರಾಸ್ಟೇಟ್ ದಪ್ಪ ಆಗಿ ಮೂತ್ರ ಸರಿಯಾಗಿ ಹೋಗಲ್ಲ ಅಂತ ಟ್ಯಾಮ್ಸುಲೋಸಿನ್, ಸಿಲೋಡೋಸಿನ್ ತಗೊಳೋ ಹಿರಿಯರೂ ಹುಷಾರು, ಅದೂ ನಾಳ ಹಿಗ್ಗಿಸೋದೇ. ನಿಷೇಧ ಏನಲ್ಲ, ಆದ್ರೆ ಕಮ್ಮಿ ಡೋಸಿಂದ ಶುರು, ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕೂತು ಎದ್ದೇಳಿ. ಆಮ್ಲೋಡಿಪಿನ್ ಜೊತೆಗೆ ಸಿಲ್ಡೆನಾಫಿಲ್ ತಗೊಂಡ್ರೆ ಬಿಪಿ ಇನ್ನೊಂದು ಎಂಟು ಪಾಯಿಂಟ್ ಇಳೀತೈತೆ, ಅಷ್ಟು ಸಾಮಾನ್ಯವಾಗಿ ತಡ್ಕೋಬಹುದು.

ಬಸ್ ಸ್ಟ್ಯಾಂಡ್ ಗೋಡೆ ಮೇಲೆ, ಮೂತ್ರಿ ಒಳಗೆ ಗುಪ್ತರೋಗ ತಜ್ಞರು ಇಂಥ ದಿನ ಇಂಥ ಲಾಡ್ಜಲ್ಲಿ ಸಿಗ್ತಾರೆ ಅಂತ ಚೀಟಿ ಅಂಟಿಸಿರ್ತಾರಲ್ಲ, ಅವರು ಕೊಡೋ ಪುಡಿ, ಲೇಹ್ಯದ ವಿಚಾರ. ಬರೀ ಗಿಡಮೂಲಿಕೆ ಅಂತ ಮಾರೋ ಇಂಥ ಮಾಲಲ್ಲಿ ಸಿಲ್ಡೆನಾಫಿಲ್ ಪುಡಿ ಮಾಡಿ ಬೆರೆಸಿರೋದು ಲ್ಯಾಬ್ ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದೈತೆ. ಎಷ್ಟು ಎಂಜಿ ಅಂತ ಕೊಟ್ಟೋನಿಗೂ ಗೊತ್ತಿಲ್ಲ. ಸಾರ್ಬಿಟ್ರೇಟ್ ತಗೊಳೋ ಮನುಷ್ಯ "ಆಯುರ್ವೇದ ತಾನೆ" ಅಂತ ಅದನ್ನ ಹಾಲಲ್ಲಿ ಕಲಸ್ಕೊಂಡು ಕುಡಿದ್ರೆ ಏನಾಗ್ತೈತೆ ಅಂತ ಮೇಲೆ ಹೇಳಿದೀನಿ. ಹಂಗೇ ಡಪಾಕ್ಸೆಟಿನ್ ಸೇರಿಸಿರೋ ಮಾತ್ರೆನೂ ಸಿಗ್ತವೆ, ಅದು ಬೇಗ ಆಗಿಬಿಡೋ ತೊಂದ್ರೆಗೆ, ಹಾರ್ಟ್ ತೊಂದ್ರೆ ಇರೋರಿಗೆ ಅದು ಬ್ಯಾಡ. ಸ್ನೇಹಿತ ಕೊಟ್ಟ ಅಂತ ಸ್ಟ್ರಿಪ್ ಓದದೇ ನುಂಗಬ್ಯಾಡ್ರಿ.

ಡಾಕ್ಟ್ರ ಹತ್ರ ಹೆಂಗೆ ಕೇಳೋದು ಅನ್ನೋದೇ ಎಷ್ಟೋ ಜನಕ್ಕೆ ದೊಡ್ಡ ಗುಡ್ಡ. ಚಿಗಟೇರಿ ಜಿಲ್ಲಾಸ್ಪತ್ರೆ ಒಪಿಡಿ ಆಗ್ಲಿ ನಿಮ್ಮ ಮಾಮೂಲಿ ಡಾಕ್ಟ್ರ ಕ್ಲಿನಿಕ್ ಆಗ್ಲಿ, ಜೊತೆಗೆ ಮಗನೋ ಸೊಸೆನೋ ಬಂದಿದ್ರೆ "ನೀವು ಹೊರಗೆ ಇರ್ರಪ್ಪ, ನಾನು ಬರ್ತೀನಿ" ಅನ್ನಿ. ಬಿಪಿ ನೋಡಿ ಮುಗಿಸಿ ಎದ್ದೇಳೋ ಹೊತ್ತಲ್ಲಿ ಬಾಗಿಲ ಹತ್ರ ನಿಂತು ಗೊಣಗಬ್ಯಾಡ್ರಿ, ಕೂತ ತಕ್ಷಣ "ಸಾರ್, ಸಂಸಾರದಲ್ಲಿ ತೊಂದ್ರೆ ಐತೆ, ಸರಿಯಾಗಿ ನಿಮಿರ್ತಿಲ್ಲ, ಕೊಲೆಸ್ಟ್ರಾಲ್ ಮಾತ್ರೆ ತಗೋತಿದೀನಿ, ಇದಕ್ಕೆ ಮಾತ್ರೆ ತಗೋಬಹುದಾ" ಅಂತ ಒಂದೇ ಉಸಿರಲ್ಲಿ ಹೇಳಿ. ಅವರಿಗೆ ಇದು ದಿನಾ ಕೇಳೋ ಮಾತು. ಲೇಡಿ ಡಾಕ್ಟ್ರಾದ್ರೂ ಅಷ್ಟೇ. ಮನೇಲಿರೋ ಎಲ್ಲ ಮಾತ್ರೆ ಸ್ಟ್ರಿಪ್ಪೂ ಹೆಸರಿರೋ ಭಾಗದ ಸಮೇತ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಇಲ್ಲ ಫೋಟೋ ತೆಗ್ದಿಟ್ಕೊಳ್ಳಿ. ಇಸಿಜಿ, ಮೂರು ತಿಂಗಳ ಶುಗರ್, ಲಿಪಿಡ್, ಕೆಲವರಿಗೆ ಬೆಳಿಗ್ಗೆ ಹೊತ್ತಿನ ಟೆಸ್ಟೋಸ್ಟೆರೋನ್ ಪರೀಕ್ಷೆ ಬರೀಬಹುದು, ದುಡ್ಡು ಕೀಳ್ತಾರೆ ಅಂದ್ಕೋಬ್ಯಾಡ್ರಿ. ಇವು ಚೀಟಿ ಇಲ್ದೆ ಮಾರಬಾರದ ಮಾತ್ರೆ, ನಾವು ಚೀಟಿ ಕೇಳಿದ್ರೆ ಸಿಟ್ಟಾಗಬ್ಯಾಡ್ರಿ.

ತಲೆನೋವು, ಮುಖ ಬಿಸಿ ಆಗೋದು, ಮೂಗು ಕಟ್ಟೋದು, ಎದೆ ಉರಿ, ಸಿಲ್ಡೆನಾಫಿಲ್‌ಗೆ ಸ್ವಲ್ಪ ಹೊತ್ತು ಕಣ್ಣಿಗೆ ನೀಲಿ ಛಾಯೆ, ಇವು ಬಂದು ಹೋಗ್ತವೆ. ಆದ್ರೆ ಒಂದು ಕಣ್ಣು ಥಟ್ಟನೆ ಮಂಜಾದ್ರೆ, ಕಿವಿ ಇದ್ದಕ್ಕಿದ್ದಂಗೆ ಕೇಳಿಸದೇ ಹೋದ್ರೆ, ಇಲ್ಲ ನಿಮಿರಿದ್ದು ನಾಕು ಗಂಟೆ ಆದ್ರೂ ಇಳೀಲಿಲ್ಲ ಅಂದ್ರೆ, ತಣ್ಣೀರು ಸುರ್ಕೊಂಡು ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ, ರಾತ್ರಿ ಎರಡು ಗಂಟೆ ಆಗಿದ್ರೂ ಸರಿ ಕ್ಯಾಜುವಾಲ್ಟಿಗೆ ಹೋಗಿ, ಖಾಲಿ ಸ್ಟ್ರಿಪ್ ಜೇಬಲ್ಲಿ ಹಾಕ್ಕೊಂಡು.